ಸದ್ದಿಲ್ಲದಾಗ ಕದಲಿದವನು

ಒಂದಾನೊಂದು ಕಾಲದಲ್ಲಿ, ಕಡಲಿನಂಥ ಒಂದು ಕೆರೆಯ ದಂಡೆಯಲ್ಲಿ, ಐದು ಆಳುಗಳನ್ನು ನಿಲ್ಲಿಸಿ ಕಟ್ಟಿದ ಗೋಡೆಯೊಂದಿತ್ತಂತೆ. ಪರವೂರಿನ ಜನ ಗಂಟಲು ಹರಿಯುವಂತೆ ಅರಚಿದರೂ ಆ ಗೋಡೆ ಕದಲುತ್ತಿರಲಿಲ್ಲ. ತನ್ನ ಊರಿನವರು ಉಸಿರು ಬಿಗಿಹಿಡಿದು ಸುಮ್ಮನಾದಾಗ ಮಾತ್ರ ಅದರಲ್ಲೊಂದು ಕಲ್ಲು ನಡುಗುತ್ತಿತ್ತಂತೆ.

ನನ್ನ ಪೋಲಿಷ್ ಅಜ್ಜಿ, ನಮ್ಮ ಬುಶಿಯಾ, ಬದುಕಿದ್ದರೆ ಈ ಕತೆಯನ್ನು ಹೀಗೇ ಶುರುಮಾಡುತ್ತಿದ್ದಳು. ನಾನು ಅವಳ ಮೊಮ್ಮಗಳು ಹಾನ್ಯಾ. ಹಾರ್ಲನ್ ಬೇ ಊರಿನ ಫೆರಿಮೆನ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಟದ ವಿಡಿಯೋ ಕತ್ತರಿಸಿ ಜೋಡಿಸುವುದು ನನ್ನ ಕೆಲಸ, ಮಿಸ್ ಡೆಲ್ಫೀನ್ ಕ್ರೌಡರ್ ಅವರ ಪಕ್ಕದ ಕುರ್ಚಿ ನನ್ನ ಜಾಗ. ಮಿಸ್ ಡೆಲ್ಫೀನ್ ಬಹಳ ಕಾಲ ಪಟ್ಟೆ ಅಂಗಿ ತೊಟ್ಟು, ತಪ್ಪು ಕಂಡಲ್ಲಿ ಹಳದಿ ಬಟ್ಟೆ ಎಸೆಯುತ್ತಿದ್ದ ಅಂಪೈರ್. ನಿವೃತ್ತಿಯಾದ ಮೇಲೆ ನಮ್ಮ ಹುಡುಗರಿಗೆ ನಿಯಮ ಕಲಿಸಲು ಬಂದರು. ಆದರೆ ತಂಡದಲ್ಲಿ ಉಂಗುರ ಕಳೆದರೂ, ಶೂ ಒಳಗೆ ಯಾರೋ ಮೀನು ಇಟ್ಟರೂ ಎಲ್ಲರೂ ಓಡಿಬರುತ್ತಿದ್ದುದು ಅವರ ಬಳಿಗೇ.

ನವೆಂಬರಿನ ಒಂದು ಬೆಳಿಗ್ಗೆ ಮರಿಬೆತ್ ಬಂದಳು. ತಂಡದ ಎಡ ಗಾರ್ಡ್, ಎದುರಾಳಿಗಳಿಗೆ ಅಡ್ಡಗೋಡೆಯಾಗಿ ನಿಲ್ಲುವ ಐವರಲ್ಲಿ ಒಬ್ಬನಾದ ಟೋಬಿಯಸ್ ಲೆಂಕನ ಹೆಂಡತಿ. ಕೈಯಲ್ಲಿ ಕುಂಬಳಕಾಯಿ ಪೈ, ಕಣ್ಣಲ್ಲಿ ನೀರು.

"ಮಿಸ್ ಡೆಲ್ಫೀನ್, ಅವರ ಲಾಕರ್ ಬಾಗಿಲಲ್ಲಿ ಮತ್ತೆ ಆ ಹಳದಿ ಬಟ್ಟೆ ಕಟ್ಟಿದ್ದಾರೆ. ಭಾನುವಾರದ ಆಟದಲ್ಲಿ ಇನ್ನೊಂದು ತಪ್ಪಾದ್ರೆ ಮನೆಗೆ ಕಳಿಸ್ತೀನಿ ಅಂದಿದ್ದಾರಂತೆ ಕೋಚ್."

"ಟೋಬಿಯಸ್ ಏನಂತಾನೆ?"

"ಏನೂ ಅನ್ನಲ್ಲ, ಅದೇ ನನ್ನ ಹೊಟ್ಟೆ ಉರಿಸೋದು! 'ತಪ್ಪು ನಂದೇ' ಅಂತಾರೆ, ಮಗ್ಗುಲಾಗಿ ಮಲಗ್ತಾರೆ. ನಿದ್ದೆ ಮಾತ್ರ ಮಾಡಲ್ಲ. ಈ ಮನುಷ್ಯ ಚರ್ಚಲ್ಲಿ ಸೀನು ಬಂದ್ರೂ ಹಾಡು ಮುಗಿಯೋವರೆಗೆ ತಡ್ಕೊಳ್ಳೋನು. ಮೈದಾನದಲ್ಲಿ ಅವಸರ ಮಾಡ್ತಾರಾ?"

ನಮ್ಮ ಕೋಚ್ ಬ್ರಾನಿಗನ್ ಶಿಸ್ತಿನ ಮನುಷ್ಯ. ಚೆಂಡು ಕದಲುವ ಮೊದಲು ಗೋಡೆಯವರಲ್ಲಿ ಯಾರು ಮಿಸುಕಿದರೂ ತಂಡ ಐದು ಗಜ ಹಿಂದೆ ಸರಿಯಬೇಕು. ಹಾಗೆ ಮಿಸುಕಿದವನ ಲಾಕರಿಗೆ ಕೋಚ್ ಹಳದಿ ಬಟ್ಟೆ ಕಟ್ಟುತ್ತಿದ್ದರು. ಕಳಂಕವಿಲ್ಲದ ಒಂದು ಆಟ ಮುಗಿದ ಮೇಲೆ, ತಪ್ಪು ಯಾರದೋ ಅವನೇ, ತನ್ನ ಕೈಯಾರೆ ಬಿಚ್ಚಬೇಕು.

ಮಿಸ್ ಡೆಲ್ಫೀನ್ ಪೈನ ತುದಿ ಮುರಿದು ಬಾಯಿಗಿಟ್ಟುಕೊಂಡರು. "ಆ ಬಟ್ಟೆ ಬಿಚ್ಚಿಸೋ ಜವಾಬ್ದಾರಿ ನಂದು ಕಣಮ್ಮಾ. ಕಣ್ಣೊರೆಸ್ಕೋ."

ಇಡೀ ಬೆಳಿಗ್ಗೆ ಇಬ್ಬರೂ ವಿಡಿಯೋ ನೋಡಿದೆವು. ಟೋಬಿಯಸ್‌ನ ತಪ್ಪುಗಳೆಲ್ಲ ನಡೆದದ್ದು ನಮ್ಮೂರ ಮೈದಾನದಲ್ಲಿ. ಇಲ್ಲಿ ನಮ್ಮವರ ಕೈಗೆ ಚೆಂಡು ಬಂದರೆ ಜನ ತಾವಾಗಿ ಸುಮ್ಮನಾಗುತ್ತಾರೆ. ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೂಗುವ ಲಯ ಕೇಳಿ ಗೋಡೆ ಮುನ್ನುಗ್ಗುತ್ತದೆ. ಪರವೂರಿನಲ್ಲಿ ಕಿವಿ ಹರಿಯುವ ಗದ್ದಲ, ಕೂಗು ಯಾರಿಗೂ ಕೇಳದು. ಅಲ್ಲಿ ನಡುವೆ ಚೆಂಡು ಹಿಡಿದ ಸೆಂಟರ್ ತಲೆ ಬಗ್ಗಿಸಿ ಎತ್ತುವುದನ್ನು ನೋಡಿಯೇ ಎಲ್ಲರೂ ಕದಲುತ್ತಾರೆ. ಅಲ್ಲಿ ಟೋಬಿಯಸ್ ಬಂಡೆ.

"ಆ ಹೊಸ ಕ್ವಾರ್ಟರ್‌ಬ್ಯಾಕ್ ಕೈಲೋನದ್ದೇ ಕೆಲಸ," ಎಂದೆ ನಾನು. "ಹಳಬ ಕೂಗ್ತಿದ್ದದ್ದು ಒಂದೇ ರಾಗ, ಜೋಗುಳದ ಹಾಗೆ. ಇವನು ಪ್ರತಿಸಲ ಬದಲಾಯಿಸ್ತಾನೆ. ಇವನು ಬಂದಮೇಲೇ ಇದೆಲ್ಲ ಶುರುವಾಗಿದ್ದು. ಬೇಕಂತಲೇ ಟೋಬಿಯಸ್‌ನ ಎಡವಿಸ್ತಿದ್ದಾನೆ."

"ಹಾಗಾದ್ರೆ ಐದೂ ಜನ ಎಡವಬೇಕಿತ್ತಲ್ಲ, ಕನಸುಗಾತಿ? ಮಾಟ ಒಬ್ಬನಿಗೇ ತಾಕುತ್ತಾ?" ಅವರು ಪರದೆಗೆ ಬೆರಳಿಟ್ಟರು. "ಮೊದಲು ಅಲುಗಿದ್ದು ಏನು ನೋಡು."

ಟೋಬಿಯಸ್‌ನ ಎಡಗೈ. ಬೆರಳು ಚಿಮ್ಮಿದ ಹಾಗೆ ಒಂದು ಮಿಸುಕು. ಹಿಂದೆಯೇ ಅವನ ಎಡಕ್ಕೆ, ಗೋಡೆಯ ತುದಿಯಲ್ಲಿದ್ದ ಟ್ಯಾಕಲ್ ಸೆಫೋ ತುಯಾಲಾ, ನೆರಳಿನಂತೆ ಎದ್ದಿದ್ದ. ಕಳೆದ ಆಟದಲ್ಲಿ ಸೆಫೋ ಹರಿದ ಶೂ ಬದಲಿಸಲು ಹೊರಗೆ ಕೂತಿದ್ದಷ್ಟು ಹೊತ್ತು ಬೇರೊಬ್ಬ ಅಲ್ಲಿ ನಿಂತಿದ್ದ. ಮಿಸ್ ಡೆಲ್ಫೀನ್ ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿದರು. ಆಗ ಟೋಬಿಯಸ್‌ನ ಎಡಗೈ ಹುಲ್ಲಿನ ಮೇಲೆ ಕಲ್ಲಾಗಿತ್ತು.

"ಊಟಕ್ಕೆ ಹೋಗೋಣ ನಡಿ," ಎಂದರು.

ಊಟದ ಮನೆಯಲ್ಲಿ ಸೆಫೋ ಎಂದಿನಂತೆ ಮೂಲೆಯ ಕುರ್ಚಿಯಲ್ಲಿದ್ದ, ಬಲಭುಜ ಕಿಟಕಿಯ ಕಡೆ ಮಾಡಿಕೊಂಡು. ಮೈದಾನದಲ್ಲಿ ಅವನ ಬಲಕ್ಕೆ ನಿಲ್ಲುವ ಟೋಬಿಯಸ್ ಇಲ್ಲಿ ಎಡಕ್ಕೆ ಕೂತಿದ್ದ. ಮಿಸ್ ಡೆಲ್ಫೀನ್ ಸುತ್ತಿ ಬಂದು ಸೆಫೋನ ಬಲಕ್ಕೆ, ಕಿಟಕಿಯ ಸಂದಿಯಲ್ಲಿ ನಿಂತರು.

"ಸೆಫೋ, ಆ ಖಾರದ ಬಾಟ್ಲಿ ಕೊಡಪ್ಪ."

ಸೆಫೋ ಕೋಳಿಕಾಲು ತಿನ್ನುತ್ತಲೇ ಇದ್ದ. ಬಾಟ್ಲಿ ಕೊಟ್ಟದ್ದು ಟೋಬಿಯಸ್, ಕೈ ಚಾಚಿ, ಅವಸರವಾಗಿ. ಸೆಫೋಗೆ ಎಷ್ಟು ಜಂಬ ಎಂದುಕೊಂಡೆ ನಾನು. ಮಿಸ್ ಡೆಲ್ಫೀನ್ ಮಾತ್ರ ಆ ಬಾಟ್ಲಿ ಹಿಡಿದು, ಮಲಗಿದ ಮಗುವನ್ನು ನೋಡುವಂತೆ ಅವರಿಬ್ಬರನ್ನೂ ನೋಡಿದರು.

ಮಾರನೆಯ ದಿನ ವಿಡಿಯೋ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದರು. ಕೋಚ್, ಕೈಲೋ, ಟೋಬಿಯಸ್, ಸೆಫೋ, ಬಾಗಿಲ ಬಳಿ ಮರಿಬೆತ್. ಮಿಸ್ ಡೆಲ್ಫೀನ್ ತಮ್ಮ ತುಟಿ ಕಾಣುವಂತೆ ಸೆಫೋನ ಎದುರಿಗೇ ನಿಂತರು.

"ಕೋಚ್, ಟೋಬಿಯಸ್‌ಗೆ ಅವಸರದ ರೋಗ ಇದ್ದಿದ್ರೆ ಪರವೂರಲ್ಲೂ ಇರಬೇಕಿತ್ತು. ಅಲ್ಲಿ ಇಲ್ಲ. ಕೂಗು ಕೇಳಿ ಕದಲಬೇಕಾದ ಕಡೆ ಮಾತ್ರ ತಪ್ಪಾಗ್ತಿದೆ."

"ಅಂದ್ರೆ ಇವನ ಕಿವಿ ಕೆಟ್ಟಿದೆಯಾ?" ಎಂದರು ಕೋಚ್.

"ಕೆಟ್ಟಿದ್ರೆ ಎಲ್ಲರಿಗಿಂತ ಹಿಂದೆ ಬೀಳ್ತಿದ್ದ. ಇವನು ಮುಂದಾಗ್ತಾನೆ. ಅದೂ ಇವನ ಕಾಲಲ್ಲ, ಎಡಗೈ. ಹಾನ್ಯಾ, ಸದ್ದು ತೆಗೆದು ಹಾಕಮ್ಮ."

ಮೂಕ ಚಿತ್ರ ಓಡಿತು. ಕೈಲೋನ ಬಾಯಿ ತೆರೆದು ಮುಚ್ಚಿತು. ಯಾವಾಗ ಕದಲಬೇಕೋ ನಮಗೆ ಯಾರಿಗೂ ತಿಳಿಯಲಿಲ್ಲ. ಕಣ್ಣಿಗೆ ಸಿಕ್ಕ ಸುಳಿವೆಂದರೆ ಟೋಬಿಯಸ್‌ನ ಬೆರಳು ಮಾತ್ರ.

"ಆ ಬೆರಳು ಯಾರಿಗೋ ಹೇಳ್ತಿದೆ, 'ಈಗ' ಅಂತ," ಎಂದರು ಮಿಸ್ ಡೆಲ್ಫೀನ್. "ನೋಡಿದವನು ಏಳೋಕೆ ಒಂದು ಚಿಟಿಕೆ ಮೊದಲೇ ಹೇಳಬೇಕು. ಹಾಗೆ ಹೇಳೋದೇ ತಪ್ಪಾಗ್ತಿದೆ. ಹಳೇ ಕ್ವಾರ್ಟರ್‌ಬ್ಯಾಕ್‌ನ ರಾಗ ಬಾಯಿಪಾಠ ಆಗಿತ್ತು, ಬೆರಳು ಬೇಕಿರಲಿಲ್ಲ. ಕೈಲೋ ಲಯ ಬದಲಾಯಿಸ್ತಾನೆ, ಬೇಕಾಯ್ತು. ಕೈಲೋ, ನಿಂದೇನೂ ತಪ್ಪಿಲ್ಲ ಮಗಾ. ಆ ಬೆರಳು ಯಾರಿಗಾಗಿ ಅನ್ನೋದು ನನಗೆ ಗೊತ್ತು. ಆದ್ರೆ ಅದು ನನ್ನ ಸ್ವತ್ತಲ್ಲ. ನಾನು ಹೇಳಲ್ಲ."

"ಹೇಳಲ್ಲ ಅಂದ್ರೆ? ಭಾನುವಾರ ಇನ್ನೊಂದಾದ್ರೆ ಇವನನ್ನ ಮನೆಗೆ ಕಳಿಸ್ತೀನಿ!" ಕೋಚ್ ಗುಡುಗಿದರು.

ಸೆಫೋ ತಿರುಗಿ ನೋಡಿದ. ಅವನ ಅಗಲ ಮುಖದ ಬಣ್ಣ ಇಳಿದಿತ್ತು. "ಮನೆಗೆ? ಯಾರನ್ನ, ಟೋಬಿಯಸ್‌ನ?" ನಿಧಾನವಾಗಿ ಎದ್ದ. "ಕೋಚ್, ಬೆರಳು ನನಗೆ. ನನ್ನ ಬಲಗಿವಿ ಸತ್ತುಹೋಗಿದೆ. ಗೊತ್ತಾದ್ರೆ ಆಟ ಮುಗೀತು ಅಂತ ಹೆದರಿ ಬಚ್ಚಿಟ್ಟೆ. ಇವನೊಬ್ಬ ಕಂಡುಹಿಡಿದ." ತನ್ನ ನಾಡಿನವರು ಒಡಹುಟ್ಟಿದವನನ್ನು ಕರೆಯುವಂತೆ ಗೆಳೆಯನನ್ನು ಕರೆದ. "ಉಸೊ, ನಿನ್ನನ್ನ ಕಳಿಸ್ತಾರೆ ಅಂತ ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ನಲ್ಲೋ ಮಾರಾಯ," ಎಂದ ಟೋಬಿಯಸ್. "ನಿನ್ನ ಬಲಗಿವೀಲಿ."

ಸೆಫೋ ನಗಲು ಹೋದವನು ಅಳತೊಡಗಿದ. ಮರಿಬೆತ್ ಓಡಿಬಂದು ಗಂಡನ ಭುಜಕ್ಕೆ ಒಂದು ಗುದ್ದಿ, ಅದೇ ಭುಜಕ್ಕೆ ಹಣೆಯಿಟ್ಟಳು.

ಕೋಚ್ ಪರದೆ ಬಿಟ್ಟು ಗೆಳೆಯರಿಬ್ಬರ ಕಡೆ ತಿರುಗಿದರು. "ನನ್ನ ಹತ್ತಿರ ಯಾಕೆ ಬರಲಿಲ್ಲ ನೀವು?"

"ಬಾಗಿಲಿಗೆ ಬಟ್ಟೆ ಕಟ್ಟೋರ ಹತ್ರ ಯಾರು ಬರ್ತಾರೆ, ಬ್ರಾನಿಗನ್?" ಎಂದರು ಮಿಸ್ ಡೆಲ್ಫೀನ್, ಮೆಲ್ಲಗೆ.

ಕೋಚ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಸೆಫೋ, ಇವತ್ತೇ ಕಿವಿ ಡಾಕ್ಟರ ಹತ್ತಿರ ಹೋಗ್ತೀಯ, ನಾನೂ ಬರ್ತೀನಿ. ಅವರು ಆಡಬಹುದು ಅಂದ್ರೆ, ಇನ್ಮೇಲೆ ನಮ್ಮೂರಲ್ಲೂ ಕೂಗೋದು ಬೇಡ. ಸೆಂಟರ್ ತಲೆ ಆಡಿಸ್ಲಿ, ಎಲ್ಲರೂ ಅದನ್ನೇ ನೋಡಿ. ಟೋಬಿಯಸ್, ನಿನ್ನ ಬಾಗಿಲ ಬಟ್ಟೆ..."

"ಅದು ನಂದು," ಎಂದ ಸೆಫೋ. ಅವತ್ತೇ ಹೋಗಿ ಅದನ್ನು ತನ್ನ ಲಾಕರಿಗೆ ಸಾಗಿಸಿದ. ಸಿಟ್ಟಿಗೋ ಸಂಕಟಕ್ಕೋ, ಗಂಟನ್ನು ಬಲವಾಗಿ ಬಿಗಿದ.

ಡಾಕ್ಟರು ಆಡಬಹುದೆಂದರು. ಭಾನುವಾರ ಕೆರೆಯ ಕಡೆಯಿಂದ ಹಿಮ ಉದುರುತ್ತಿತ್ತು. ಜನ ಎಂದಿನಂತೆ ಸುಮ್ಮನಾದರು. ಕೈಲೋ ಕೂಡ ಸುಮ್ಮನಿದ್ದ. ಅಂಥ ಮೌನವನ್ನು ಆ ಮೈದಾನ ಕಂಡಿರಲಿಲ್ಲ. ಸೆಂಟರ್‌ನ ತಲೆ ಬಗ್ಗಿತು, ಎದ್ದಿತು, ಐದೂ ಜನ ಒಂದೇ ಮೈಯಾಗಿ ಕದಲಿದರು. ಪ್ರತಿಸಲವೂ ಹಾಗೆಯೇ. ಸಂಜೆಯವರೆಗೆ ನಮ್ಮ ಗೋಡೆಯ ಕಡೆ ಒಂದೂ ಹಳದಿ ಬಟ್ಟೆ ಬೀಳಲಿಲ್ಲ. ಆಟ ಸೋತೆವು. ಅವತ್ತು ಅದು ಯಾರಿಗೂ ನೆನಪಿದ್ದಂತಿರಲಿಲ್ಲ.

ಮಿಸ್ ಡೆಲ್ಫೀನ್ ಮರಿಬೆತ್‌ಳ ಕೈಹಿಡಿದು ಲಾಕರ್ ಕೋಣೆಯ ಬಾಗಿಲಲ್ಲಿ ನಿಂತರು, ನಾನು ಅವರ ಹಿಂದೆ. ಸೆಫೋನ ಬೆರಳುಗಳ ತುಂಬ ಪಟ್ಟಿ, ಗಂಟು ಸಡಿಲವಾಗಲೊಲ್ಲದು. ಟೋಬಿಯಸ್ ಬಾಗಿಲು ಅಲುಗದಂತೆ ಹಿಡಿದುಕೊಂಡ.

"ನಾನು ಬಿಚ್ಚಲೇನೋ?"

"ಕೈ ಮುಟ್ಟಿಸ್ಬೇಡ," ಎಂದ ಸೆಫೋ, ಹಲ್ಲಲ್ಲಿ ಗಂಟಿನ ತುದಿ ಕಚ್ಚಿ ಎಳೆದ.

ಬಟ್ಟೆ ಬಿಚ್ಚಿಕೊಂಡಿತು.