ಕಪ್ಪು ಬಟ್ಟೆಯ ಆಕಾಶ

“ಆ ಕಾರ್ಡು ಬರೆದದ್ದು ನೀವೆಯಾ?”

ಹೆಣ್ಣು ನೋಡಲು ಬಂದವನ ಮೊದಲ ಮಾತು! ಸೆಲಿನ್ ಕಾಫಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಯಾವ ಕಾರ್ಡು?”

“‘ನಿಮ್ಮ ರಾಕೆಟಿನ ಹೊಗೆ ಮೇಲಕ್ಕೆ ಏರುತ್ತದೆ. ಬಾಹ್ಯಾಕಾಶದಲ್ಲಿ ಮೇಲೆ ಅಂದರೆ ಯಾವ ಕಡೆ? ಅದು ರಾಕೆಟ್ಟೋ, ಊದುಬತ್ತಿಯೋ?’ ಕೆಳಗೆ ಹೆಸರು, ಊರು: ಸೆಲಿನ್, ಬೇಳ. ಕೇಬಲ್‌ನಲ್ಲಿ ನೋಡುಗರ ಪತ್ರದ ಹೊತ್ತಿಗೆ ಓದಿದ್ರಲ್ಲ.” ಫಿಡೆಲಿಸ್ ತಲೆ ತಗ್ಗಿಸಿದ. “ಆ ರಾಕೆಟ್ ಮಾಡಿದವ ನಾನು.”

ಅಯ್ಯೋ ದೇವರೇ!

ಕೇಬಲ್‌ನವರೇ ತಯಾರಿಸಿ ವಾರಕ್ಕೊಮ್ಮೆ ತೋರಿಸುವ ವಿಜ್ಞಾನ ಧಾರಾವಾಹಿಯ ರಾಕೆಟ್ ಅದು. ಶಾಲೆಯಲ್ಲಿ ಫಿಸಿಕ್ಸ್ ಕಲಿಸುವ ಸೆಲಿನ್ ಒಂದು ಕಂತೂ ಬಿಟ್ಟವಳಲ್ಲ. ಆ ಕಾರ್ಡನ್ನೂ ಪ್ರೀತಿಯಿಂದಲೇ ಬರೆದಿದ್ದಳು. ಆದರೆ ಟಿ.ವಿ.ಯಲ್ಲಿ ಅದನ್ನು ಓದಿದವನು ನಗುತ್ತಾ ಓದಿದ್ದ, ಊರೂ ನಕ್ಕಿತ್ತು.

ಫಿಡೆಲಿಸ್ ಕಾಫಿ ಕುಡಿದ. ಬೇರೇನೂ ಕೇಳದೆ ಹೊರಟುಹೋದ.

ಮುಂದಿನ ಭಾನುವಾರ ಇಗರ್ಜಿಯ ಮೆಟ್ಟಿಲಲ್ಲಿ ಮದುವೆ ದಲ್ಲಾಳಿ ಗ್ರೆಗರಿ ಕೈ ಆಡಿಸಿದ. “ಹುಡುಗ ಆಗಬಹುದು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ ಮಾರಾಯ್ತಿ!”

ಅದರ ಮುಂದಿನ ಭಾನುವಾರವೂ ಅದೇ ಮಾತು...

ಸೆಲಿನಳಿಗೆ ಅನ್ನ ಸೇರಲಿಲ್ಲ. ‘ಅವನ ಕೆಲಸವೇ ಹೋಗಿರಬಹುದಾ? ನನ್ನ ಒಂದು ಕಾರ್ಡಿನಿಂದ? ಅವತ್ತು ಅವನ ಉಗುರಿನ ಸಂದಿಯಲ್ಲಿ ಕಂಡ ಬೆಳ್ಳಿ ಬಣ್ಣ ನನಗೇಕೆ ಮರೆಯುತ್ತಿಲ್ಲ?’

“ನಡಿ, ಉಪ್ಪಳದಲ್ಲಿ ಅವನು ಕೆಲಸ ಮಾಡುವ ಶೆಡ್ಡಿಗೆ ಹೋಗುವ, ನಾನೂ ಬರ್ತೇನೆ,” ಎಂದಳು ತಾಯಿ ಮಗ್ದಲಿನ್. “ರಾಕೆಟ್ ಚಂದ ಉಂಟು ಅಂತ ಒಂದು ಮಾತು ಹೇಳು. ನಾಲಗೆ ಎಂತ ಸವೆದು ಹೋಗ್ತದಾ?”

ಉಪ್ಪಳದವರೆಗೂ ಬಸ್ಸಿನಲ್ಲಿ ಸೆಲಿನ್ ಅದನ್ನೇ ಉರು ಹೊಡೆದಳು. ಚಂದ ಉಂಟು. ತುಂಬಾ ಚಂದ ಉಂಟು...

ಶೆಡ್ಡಿನ ಗೋಡೆಗೆಲ್ಲ ಕಪ್ಪು ಬಟ್ಟೆ. ನಡುವೆ ತಂತಿಯಲ್ಲಿ ತೂಗುವ ರಾಕೆಟ್. ಅವಳನ್ನು ಕಂಡು ಫಿಡೆಲಿಸ್ ಬೆಚ್ಚಿಬಿದ್ದ. ಮಗ್ದಲಿನ್ ಬಾಗಿಲಲ್ಲೇ ನಿಂತಳು.

“ಎರಡು ವಾರದಿಂದ ಇದನ್ನೇ ಮಾಡ್ತಿದ್ದೇನೆ,” ಎಂದ ಅವನು. ಕಣ್ಣು ಕೆಂಪಾಗಿತ್ತು. “ಕ್ಯಾಮರಾ ತಲೆಕೆಳಗೆ ಇಟ್ಟು ತೆಗೆದೆ. ಈಗ ನೋಡಿ...”

ಟಿ.ವಿ.ಯಲ್ಲಿ ರಾಕೆಟ್ ಉರಿಯಿತು. ಹೊಗೆ ಕೆಳಗೆ ಇಳಿಯಿತು.

ಅವನು ಪರದೆಯನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ.

ಚಂದ ಉಂಟು! ಎರಡೇ ಶಬ್ದ. ಹೇಳಿದರೆ ಇವನು ನನ್ನವನು. ಹೇಳದಿದ್ದರೆ...? ಅವಳು ಟಿ.ವಿ.ಯಿಂದ ಅವನತ್ತ ತಿರುಗಿದಳು.

“ಫಿಡೆಲಿಸ್... ಬಾಹ್ಯಾಕಾಶದಲ್ಲಿ ಕೆಳಗೆ ಅಂತಲೂ ಇಲ್ಲ.”

ಬಾಗಿಲಲ್ಲಿ ಮಗ್ದಲಿನ್ ಹಣೆ ಬಡಿದುಕೊಂಡ ಸದ್ದು ಕೇಳಿಸಿತು.

ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. ಭುಜ ನಡುಗುತ್ತಿತ್ತು. ಅಳುತ್ತಿದ್ದಾನಾ? ಅಲ್ಲ... ನಗು!

“ಇಲ್ಲಿ ಎಲ್ಲರೂ ಚಂದ ಉಂಟು ಅಂದ್ರು. ಒಬ್ಬರೂ ಸರಿಯಾಗಿ ನೋಡಿರಲಿಲ್ಲ.”

“ಸಿಟ್ಟು ಇಲ್ವಾ?”

“ಇತ್ತು, ಒಂದು ದಿನ. ಆಮೇಲೆ ನಾಚಿಕೆ. ಇಷ್ಟು ಚೆನ್ನಾಗಿ ನೋಡುವವಳಿಗೆ ಅರೆಬರೆ ಕೆಲಸ ತೋರಿಸಿ ಮದುವೆ ಕೇಳುವುದು ಹೇಗೆ? ಅದಕ್ಕೇ ಸುಮ್ಮನಿದ್ದೆ.”

“ಇದು ಸರಿಯಾಗ್ಲಿಕ್ಕೆ ಇನ್ನೂ ಎಷ್ಟು ವಾರ?”

“ಗೊತ್ತಿಲ್ಲ.”

“ಅಷ್ಟು ವಾರ ನನ್ನಿಂದ ಕಾಯ್ಲಿಕ್ಕೆ ಆಗುವುದಿಲ್ಲ.” ಅಂದ ಮೇಲೆ ಸೆಲಿನಳ ಕಿವಿ ಬಿಸಿಯಾಯಿತು.

ಅವನು ಎದ್ದು ನಿಂತ. “ಮದುವೆಯಾದ ಮೇಲೂ ಹೀಗೇ ಹೇಳ್ತೀರಾ?”

“ಹೇಳ್ತೇನೆ.”

“ನಾನು ಮಾಡಿದ ಸಾರಿಗೂ?”

“ನಿಮಗೆ ಸಾರು ಮಾಡ್ಲಿಕ್ಕೆ ಬರ್ತದಾ?”

“ಇಲ್ಲ,” ಎಂದ ಫಿಡೆಲಿಸ್ ಮೆಲ್ಲಗೆ. “ಕಲೀತೇನೆ, ಸೆಲಿನ್.”