ಕೆಳಗಿನಿಂದ ಮೊದಲನೇ ಮೆಟ್ಟಿಲು

ಮೇಸ್ತ್ರಿಯ ನಗು ಥಟ್ಟನೆ ನಿಂತಾಗಲೇ ಗಿಣಿಗೆ ಗೊತ್ತಾಗಬೇಕಿತ್ತು. ಆಗಲಿಲ್ಲ. ಹೊಸ ಮನೆಯ ಮೂರನೇ ಮೆಟ್ಟಿಲ ಮೇಲೆ ನಿಂತು, ಅಳತೆ ಟೇಪನ್ನು ಸರ್ರೆಂದು ಎಳೆದು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಗಂಟಲಿನ ತಳದಿಂದ ದನಿ ತೆಗೆದಳು.

"ಹ್ಞೂಂ... ಗೋಡೆ ನೆಟ್ಟಗಿದೆ. ಬಾಗಿಲು ನೆಟ್ಟಗಿದೆ. ನನ್ನ ಮೂತಿ ಒಂದೇ ಸೊಟ್ಟಗಿರೋದು. ಮತ್ತೊಮ್ಮೆ ನೋಡಬೇಕಾಗುತ್ತೆ!"

"ಮೂತಿ ವಿಷಯ ನಿಜ," ಎಂದಿತು ಅದೇ ದನಿ, ಬೆನ್ನ ಹಿಂದಿನಿಂದ. "ಆದ್ರೆ 'ಹ್ಞೂಂ' ಅಷ್ಟುದ್ದ ಎಳೆಯಲ್ಲ ನಾನು."

ಕಟ್ಟಡ ತಪಾಸಣೆಯ ಇನ್‌ಸ್ಪೆಕ್ಟರ್! ಗಿಣಿಯ ಕೈಯಿಂದ ಟೇಪು ತಾನಾಗಿಯೇ ಸುರುಳಿ ಸುತ್ತಿಕೊಂಡು ಓಡಿತು. ಅವಳಿಗೂ ಹಾಗೇ ಓಡಬೇಕೆನಿಸಿತು.

ಗಿಣಿ ಎಂದು ಕರೆದವಳು ಅಮ್ಮ. ಕಿವಿಗೆ ಬಿದ್ದ ದನಿ ಎರಡು ನಿಮಿಷಕ್ಕೆ ಮಗಳ ನಾಲಿಗೆಗೆ ಬರುತ್ತಿತ್ತು. ಕಾರ್ಟೂನಿನ ಅಳಿಲು, ದೆವ್ವ, ಹಲ್ಲಿಲ್ಲದ ಅಜ್ಜಿ, ಎಲ್ಲಕ್ಕೂ ಡಬ್ಬಿಂಗ್‌ನಲ್ಲಿ ದನಿ ಕೊಟ್ಟ ದುಡ್ಡಿನಿಂದಲೇ ಅವಳು ಈ ಮನೆ ಎಬ್ಬಿಸಿದ್ದಳು. ಪಾಯದಿಂದ ವೈರಿಂಗ್‌ವರೆಗೆ ಪ್ರತಿ ತಪಾಸಣೆಗೂ ಬಂದವನು ಇವನೇ. ಇಪ್ಪತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ. ಗೋಡೆಗೆ ಪೆನ್ಸಿಲ್ ತಟ್ಟಿ ಕಿವಿಯಿಡುವನು. ಕಣ್ಣು ಮಾತ್ರ ಕನ್ನಡಕದ ಅಂಚಿನಿಂದ ಬೇರೆಲ್ಲೋ. ಕಳೆದ ಸಲ ಒಂದೇ ಸ್ವಿಚ್ಚನ್ನು ನಾಲ್ಕು ಸಲ ಹಾಕಿ ಆರಿಸಿದ್ದ. ಗಿಣಿ ನಿಂತಿದ್ದದ್ದು ಅದರ ಪಕ್ಕದಲ್ಲೇ.

ಇವತ್ತು ಕೊನೆಯ ತಪಾಸಣೆ. ಪಾಸಾದರೆ ಪ್ರಮಾಣಪತ್ರ, ಆಮೇಲೆ ಪ್ರವೇಶ. ಶನಿವಾರ ಸಂಜೆಯೊಳಗೆ ಬಾಡಿಗೆ ಮನೆ ಖಾಲಿಯಾಗಬೇಕು. ಅಲ್ಲಿಗೆ ಬರುವ ಹೊಸ ಬಾಡಿಗೆದಾರರ ಮಂಚ ಆಗಲೇ ವರಾಂಡದಲ್ಲಿ ಕಾಲು ಮೇಲೆ ಮಾಡಿ ಕಾಯುತ್ತಿತ್ತು.

ಅವನು ಮಂಡಿಯೂರಿ ಒಂದೊಂದೇ ಮೆಟ್ಟಿಲು ಅಳೆದ. ಕೊನೆಗೆ ಕೆಳಗಿನ ಮೆಟ್ಟಿಲ ಬಳಿ ಕೂತುಬಿಟ್ಟ.

"ಎಲ್ಲ ಆರೂವರೆ ಇಂಚು. ಇದೊಂದು ಐದು."

ಮೇಸ್ತ್ರಿ ತಲೆ ಕೆರೆದುಕೊಂಡ. "ಮೆಟ್ಟಿಲು ಕಟ್ಟುವಾಗ ಸರಿಯಿತ್ತು ಸಾರ್. ಆಮೇಲೆ ಈ ಅಕ್ಕ ಹಾಲ್‌ಗೆ ತೆಳು ಟೈಲ್ಸ್ ಬೇಡ, ದಪ್ಪ ಕಲ್ಲೇ ಬೇಕು ಅಂದ್ರು. ನೆಲ ಮೇಲೆ ಬಂತು."

"ಒಂದೂವರೆ ಇಂಚಿಗೆ ಯಾರ ಗಂಟೇನು ಹೋಗುತ್ತೆ?" ಎಂದಳು ಗಿಣಿ.

"ಫೇಲ್ ಮಾಡ್ತಿದ್ದೀನಿ."

"ಆಡ್ಕೊಂಡಿದ್ದಕ್ಕೆ ಸೇಡಾ?"

ಅವನ ಕಿವಿ ಕೆಂಪಾಯಿತು. "ಕಳೆದ ಸಲ ಬಂದಾಗ ನೋಡಿದೆ, ನಿಮ್ಮ ತಾಯಿ ಕಣ್ಣಲ್ಲಿ ನೋಡಿ ಹತ್ತಲ್ಲ, ಕಾಲಲ್ಲಿ ಲೆಕ್ಕ ಹಾಕಿ ಹತ್ತುತ್ತಾರೆ. ಅವರನ್ನ ಒಂದ್ಸಲ ಇಳಿಸಿ ನೋಡಿ. ಕೈ ಹಿಡ್ಕೊಂಡೇ ಇರಿ." ಫೈಲು ಮಡಚಿ ಹೊರಟೇಹೋದ.

ಅಂದೇ ಸಂಜೆ ಅಮ್ಮನನ್ನು ಕರೆತಂದಳು. ದೃಷ್ಟಿ ಮಸುಕಾದ ಮೇಲೂ ಬೆಳಗಿನ ಬಿಸಿಲಿಗಾಗಿ ಮಹಡಿಯ ಕೋಣೆಯೇ ಬೇಕೆಂದು ಹಟ ಹಿಡಿದವಳು ಅಮ್ಮ. ಹದಿನಾಲ್ಕು ಮೆಟ್ಟಿಲು ಸಲೀಸಾಗಿ ಇಳಿದಳು. ಕೊನೆಯದಾದ ಹದಿನೈದನೆಯದರಿಂದ ಇಟ್ಟ ಕಾಲಿಗೆ ನೆಲ ಮೊದಲೇ ಬಡಿದು, ಇಡೀ ಮೈ ಮುಗ್ಗರಿಸಿ ಗಿಣಿಯ ತೋಳಿಗೆ ಬಿತ್ತು.

"ನೆಲ ಇಷ್ಟು ಬೇಗ ಯಾಕೆ ಬಂತೇ?" ಎಂದಳು ಅಮ್ಮ.

ಗಿಣಿ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಮೇಸ್ತ್ರಿಗೆ ಫೋನ್ ಹಚ್ಚಿದಳು.

ಮರುದಿನದಿಂದ ಹದಿನೈದು ಮೆಟ್ಟಿಲ ಕಲ್ಲುಗಳೂ ಎದ್ದವು. ಕೆಳಗೆ ದಪ್ಪ, ಮೇಲೆ ಹೋದಂತೆ ತೆಳ್ಳಗೆ ಗಾರೆ ತುಂಬಿ, ಆ ಒಂದೂವರೆ ಇಂಚನ್ನು ಎಲ್ಲ ಮೆಟ್ಟಿಲಿಗೂ ಹಂಚಬೇಕು. ಗಿಣಿಯೂ ಗಾರೆ ಬಾಂಡಲಿ ಎತ್ತಿದಳು. ಗುರುವಾರ ಮತ್ತೆ ತಪಾಸಣೆ ಕೇಳಲು ಆಫೀಸಿಗೆ ಫೋನ್ ಮಾಡಿದರೆ ಗುಮಾಸ್ತ ಹೇಳಿದ, "ಆ ಸಾರ್ ನಿಮ್ಮ ಫೈಲ್ ವಾಪಸ್ ಕೊಟ್ಟುಬಿಟ್ರಲ್ಲ. ನಾಳೆ ದೊಡ್ಡ ಮೇಡಂ ಬರ್ತಾರೆ."

ದೊಡ್ಡ ಮೇಡಂ ಸ್ವಂತ ತಮ್ಮನ ಮನೆಯನ್ನೇ ಎರಡು ಸಲ ಫೇಲ್ ಮಾಡಿದವರಂತೆ. ಆದರೆ ಗಿಣಿಯನ್ನು ಹೆಚ್ಚು ಕೊರೆದದ್ದು ಬೇರೆ. ಅವನು ಇನ್ನು ಬರುವುದಿಲ್ಲ. ನಾನೇ ಓಡಿಸಿದೆನಲ್ಲ!

ಶುಕ್ರವಾರ, ಅಮ್ಮ ಮಹಡಿಯ ಕೋಣೆಯಲ್ಲಿ ಕಾಯುತ್ತಿರುವಾಗ, ಮೇಡಂ ಮಾತಿಲ್ಲದೆ ಮೆಟ್ಟಿಲು ಅಳೆದರು. ಟೇಪು ಸರ್ರೆಂದಾಗಲೆಲ್ಲ ಗಿಣಿಯ ಉಸಿರೂ ಅದರೊಂದಿಗೆ ಒಳಗೆ ಹೋಗುತ್ತಿತ್ತು. ಹದಿಮೂರು. ಹದಿನಾಲ್ಕು. ಹದಿನೈದು.

"ಪಾಸ್," ಎಂದು ಸಹಿ ಹಾಕಿ ಮೇಡಂ ಕತ್ತೆತ್ತಿದರು. "ಆ ಹುಡುಗ ಫೈಲ್ ಯಾಕೆ ಬಿಟ್ಟ ಗೊತ್ತಾ? 'ಈ ಮನೆಗೆ ಹೋದರೆ ನಾನು ಗೋಡೆ ನೋಡುತ್ತಿಲ್ಲ, ಬೇರೆಯವರು ನೋಡುವುದು ಸೂಕ್ತ' ಅಂತ ಲಿಖಿತವಾಗಿ ಕೊಟ್ಟಿದ್ದಾನೆ. ಮೂವತ್ತು ವರ್ಷದ ಸರ್ವೀಸಲ್ಲಿ ಇಂಥ ಅರ್ಜಿ ಓದಿರಲಿಲ್ಲಮ್ಮ."

ಮೇಡಂ ಹೊರಟ ಮೇಲೆ ಗಿಣಿ ಗೇಟಿಗೆ ಬಂದಳು. ರಸ್ತೆಯಾಚೆ ಸ್ಕೂಟರಿಗೆ ಒರಗಿ ಅವನು ನಿಂತಿದ್ದ. ಕೈಯಲ್ಲಿ ಫೈಲಿಲ್ಲ, ಕಿವಿಯ ಮೇಲೆ ಪೆನ್ಸಿಲಿಲ್ಲ.

"ಪಾಸಾ?" ಅಲ್ಲಿಂದಲೇ ಕೇಳಿದ.

ಅಳಿಲಿನ ದನಿಯಲ್ಲಿ ಉತ್ತರಿಸೋಣವೆಂದುಕೊಂಡಳು. ಬರಲಿಲ್ಲ. ಅವನದೇ 'ಹ್ಞೂಂ' ಎಳೆಯಹೊರಟಳು. ಅದೂ ಗಂಟಲಲ್ಲೇ ಉಳಿಯಿತು. ಎಲ್ಲರ ದನಿ ಗೊತ್ತಿದ್ದವಳಿಗೆ ಈ ಮಾತಿಗೆ ಸಾಲ ಪಡೆಯಲು ಒಂದೂ ಸಿಗಲಿಲ್ಲ.

"ಒಳಗೆ ಬನ್ನಿ," ಎಂದಳು.

"ಇವತ್ತು ಇಲ್ಲಿ ನನಗೆ ಡ್ಯೂಟಿ ಇಲ್ಲ."

"ಅದಕ್ಕೇ ಕರೀತಿರೋದು. ಇವತ್ತು... ನಾಳೆ... ದಿನಾ ಬನ್ನಿ. ನೀವು ಬರಲ್ಲ ಅಂದಾಗ ಈ ಮನೆ ಪಾಸಾಗೋದೂ ನನಗೆ ಬೇಡ ಅನ್ನಿಸ್ತು."

ಅವನು ರಸ್ತೆ ದಾಟಿದ. ಗೇಟಿನ ಸರಳಿನ ಮೇಲೆ ಅವನ ಬೆರಳು ಅವಳ ಬೆರಳ ಪಕ್ಕದಲ್ಲಿ ಬಂದು ಕೂತಿತು.

ಒಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಹದಿಮೂರು, ಹದಿನಾಲ್ಕು, ಹದಿನೈದು, ನೆಲ. ಎಲ್ಲೂ ಮುಗ್ಗರಿಸದೆ ಇಳಿದ ಅಮ್ಮ ಬಾಗಿಲಲ್ಲಿ ಕಣ್ಣು ಕಿರಿದು ಮಾಡಿ ನಿಂತಳು.

"ಗಿಣೀ, ಯಾರ ದನಿಯೇ ಅದು, ಈಗ ಮಾತಾಡಿದ್ದು? ಯಾವತ್ತೂ ಕೇಳಿಲ್ಲ ನಾನು."

"ನಂದೇ ಅಮ್ಮ," ಎಂದಳು ಗಿಣಿ.