ಬ್ರೇಕಿನ ಪಕ್ಕದ ಜಾಗ

ಪಂಜರ ಅಲುಗಾಡಿತು.

ಕಾಲಡಿ ಕಬ್ಬಿಣದ ಹಲಗೆ. ಅದರ ಕೆಳಗೆ ಬರೀ ಗಾಳಿ... ಬಿದ್ದರೆ ಮೂಳೆ ಆರಿಸಬೇಕು!

ಕೊಯ್ಲಿನ ಕಾಲ. ಗೋದಾಮಿನ ಹೊರಗೆ ಲಾರಿಗಳ ಸಾಲು. ಒಳಗೆ ಹೊಟ್ಟಿನ ಧೂಳು ಬೆಳಗಿನ ಬಿಸಿಲಿನಲ್ಲಿ ನಿಧಾನ ತೇಲುತ್ತಿತ್ತು. ಮೂಟೆ ಹೊರುತ್ತಿದ್ದ ಹಮಾಲರು ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದರು. ಮೂಟೆ ಎತ್ತುವ ಲಿಫ್ಟಿನ ಆ ಪಂಜರದೊಳಗೆ ನಾವಿಬ್ಬರೇ. ನಾನು, ಮತ್ತು ಗೋದಾಮಿನ ಮ್ಯಾನೇಜರ್.

"ವರದಿಗೆ ಸೈನ್ ಹಾಕಿ," ಅಂದ.

"ತಪ್ಪು ಯಾರದ್ದು ಅಂತ?"

"ಲಿಫ್ಟ್ ನಡೆಸೋನದ್ದು. ನಿಮ್ಮ ಭಾವಂದು."

ಹೌದು, ನನ್ನ ಅಕ್ಕನ ಗಂಡ. ಹೋದ ವಾರ ಈ ಲಿಫ್ಟ್ ಕುಸಿದು ಇಬ್ಬರು ಹಮಾಲರ ಕಾಲು ಮುರಿದಿತ್ತು. ಬ್ರೇಕ್ ಹಾಕಲಿಲ್ಲವೆಂದು ಭಾವನ ತಲೆಗೆ ಕಟ್ಟಿದ್ದರು. ನನ್ನ ಸೈನ್ ಬಿದ್ದರೆ ಅವನು ಜೈಲಿಗೆ. ಇಂಥ ಯಂತ್ರಗಳ ರೋಗ ಹುಡುಕುವವನು ನಾನು. ಸಂಬಂಧಿಕನೇ ಸೈನ್ ಹಾಕಿದರೆ ಯಾರೂ ಅನುಮಾನಿಸರೆಂಬುದು ಮ್ಯಾನೇಜರನ ಲೆಕ್ಕ.

ಅವನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಹಿಂದೊಮ್ಮೆ ಬಾವಿಗೆ ಬಿದ್ದಿದ್ದ ನನ್ನನ್ನು ಎಳೆದು ಮೇಲೆ ತಂದವನು ಇದೇ ಭಾವ. ಅಂಗೈ ಸುಲಿದು ರಕ್ತ ಬಂದರೂ ಹಗ್ಗ ಬಿಟ್ಟಿರಲಿಲ್ಲ.

ಮ್ಯಾನೇಜರ್ ಪಂಜರದ ಗೋಡೆಗಿದ್ದ ಕಂಟ್ರೋಲ್ ಪೆಟ್ಟಿಗೆ ತಟ್ಟಿದ.

"ನಿಮ್ಮ ಮಾನಿಟರೇ ಹೇಳ್ತಿದೆಯಲ್ರೀ... ಸ್ಟ್ಯಾಕ್ ಬೇಕಾದಷ್ಟು ಖಾಲಿ ಇದೆ ಅಂತ!"

ಮೆಮೊರಿ ಕಾಯಲು ನಾನು ಹಾಕಿದ್ದ ಮಾನಿಟರ್ ಹಾಗೇ ಹೇಳುತ್ತಿತ್ತು. ಆ ಪೆಟ್ಟಿಗೆಯೊಳಗೊಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಇದೆ. ಬ್ರೇಕ್ ನೋಡಿಕೊಳ್ಳುವ ಪ್ರೋಗ್ರಾಂ ಒಂದು ಟಾಸ್ಕ್, ಪರದೆಯದು ಇನ್ನೊಂದು ಟಾಸ್ಕ್. ಒಂದೊಂದಕ್ಕೂ ಅದರದೇ ಮೆಮೊರಿಯ ತುಂಡು. ಅದೇ ಸ್ಟ್ಯಾಕ್. ಒಂದರದು ತುಂಬಿ ಚೆಲ್ಲಿದರೆ ಪಕ್ಕದ್ದು ಕೆಡುತ್ತದೆ. ಮೊದಲೇ ಆ ಜಾಗಕ್ಕೆಲ್ಲ ಒಂದೇ ಗುರುತು ಬಳಿದಿರುತ್ತಾರೆ. ಟಾಸ್ಕ್ ಬರೆದ ಕಡೆ ಗುರುತು ಅಳಿಯುತ್ತದೆ. ಅಳಿಯದೆ ಉಳಿದದ್ದೆಲ್ಲ ಖಾಲಿ ಎಂದು ಮಾನಿಟರ್ ಲೆಕ್ಕ ಹಾಕುತ್ತದೆ.

"ಭಾರ ಹೆಚ್ಚಾದಾಗ ಪರದೆ ಮೇಲೆ ಬರುತ್ತಲ್ಲ ದೊಡ್ಡ ಎಚ್ಚರಿಕೆ... ಅದನ್ನ ಸೇರಿಸಿದ್ದು ಯಾರು?" ಕೇಳಿದೆ.

"ನಾನೇ ಹೇಳಿ ಹಾಕಿಸಿದ್ದು. ಏನೀಗ?"

"ಆಗ ಪರದೆಯ ಟಾಸ್ಕ್ ದೊಡ್ಡ ಜಾಗ ಹಿಡಿಯುತ್ತೆ. ಹಿಡಿದ ಜಾಗದಲ್ಲಿ ಏನೂ ಬರೆಯಲ್ಲ. ಅದನ್ನ ದಾಟಿ ಹೋಗಿ ಪಕ್ಕದ ಬ್ರೇಕಿನ ಜಾಗದಲ್ಲಿ ಗೀಚುತ್ತೆ, ಬ್ರೇಕ್ ಬಿಟ್ಟುಹೋಗುತ್ತೆ. ಮಧ್ಯದ ಗುರುತು ಹಾಗೇ ಇರುತ್ತೆ! ಬೇಲಿ ಹಾರಿ ಬಂದ ಕಳ್ಳ ಬೇಲಿ ಮುರೀತಾನಾ ಸ್ವಾಮಿ?"

ಅವನ ದನಿ ತಗ್ಗಿತು.

"ಬೆಳಿಗ್ಗೆ ನನ್ನ ಡ್ರೈವರ್ ನಿಮ್ಮ ಬೈಕನ್ನ ಚರಂಡಿಗೆ ಅಟ್ಟಿದ. ಸಂಜೆ ಬರೀ ಚರಂಡಿ ಆಗಿರಲ್ಲ."

ಬೆದರಿಕೆ ಯಾರ ಕಿವಿಗೂ ಬೀಳದಿರಲೆಂದೇ ನನ್ನನ್ನು ಇಷ್ಟೆತ್ತರ ಕರೆತಂದಿದ್ದ. ಇಬ್ಬರ ಭಾರಕ್ಕೆ ಲಿಫ್ಟ್ ಏನೂ ಮಾಡದೆಂಬ ಧೈರ್ಯ ಬೇರೆ.

ಪೆಟ್ಟಿಗೆಯಲ್ಲೊಂದು ಕೆಂಪು ಗುಂಡಿ. ಒತ್ತಿದರೆ ಭಾರ ಹೆಚ್ಚಾಯಿತೆಂದು ಲಿಫ್ಟ್ ನಂಬುತ್ತದೆ. ಟೆಸ್ಟಿಗೆಂದೇ ಇಟ್ಟದ್ದು.

ಬೆರಳಿಟ್ಟೆ.

"ಬೇಡ!" ಮ್ಯಾನೇಜರ್ ನನ್ನ ಕೈಗೆ ಜೋತುಬಿದ್ದ.

"ಯಾಕೆ ಬೇಡ? ಬೇಕಾದಷ್ಟು ಖಾಲಿ ಇದೆಯಲ್ಲ!"

ಒತ್ತಿದೆ.

ಪರದೆಯ ಮೇಲೆ ದಪ್ಪ ಅಕ್ಷರ ಮೂಡಿತು. ಎಲ್ಲೋ 'ಟಕ್' ಅಂತ ಬ್ರೇಕ್ ಬಿಟ್ಟಿತು...

ಪಂಜರ ಕೆಳಗೆ ಬಿತ್ತು!

"ಅಯ್ಯೋ, ನಂಗೊತ್ತಿತ್ತು!" ಅವನ ಕಿರುಚಾಟಕ್ಕೆ ಗೋದಾಮೇ ಮಾರ್ದನಿಗೊಟ್ಟಿತು. "ಹಿಂದೊಮ್ಮೆಯೂ ಹೀಗೇ ಜಾರಿತ್ತು! ನಾನೇ ಮುಚ್ಚಿಟ್ಟೆ! ಆ ಬಡಪಾಯಿದು ಏನೂ ತಪ್ಪಿಲ್ಲ!"

ಠಣ್!

ಸರಪಳಿ ಬಿಗಿಯಿತು. ಪಂಜರ ನಿಂತಿತು. ಪಂಜರ ಜೋರಾಗಿ ಜಾರಿದರೆ ಕಚ್ಚಿ ಹಿಡಿಯುವ ಆ ಸರಪಳಿಯನ್ನು ಹೊರಡುವ ಮೊದಲೇ ನಾನೇ ಸಿಕ್ಕಿಸಿದ್ದೆ. ಹೇಳಿರಲಿಲ್ಲ, ಅಷ್ಟೆ.

ಕೆಳಗೆ ಹಮಾಲರ ನಡುವೆ ನಿಂತಿದ್ದ ಭಾವ ಕೈಚಕ್ರ ತಿರುಗಿಸಿ ನಮ್ಮನ್ನು ಇಳಿಸಿದ. ಹಮಾಲರು ಮ್ಯಾನೇಜರನ ಸುತ್ತ ನಿಂತರು. ಅವರಲ್ಲೊಬ್ಬ ಪೊಲೀಸರಿಗೆ ಫೋನ್ ಮಾಡುತ್ತಿದ್ದ.

ಭಾವ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

"ಲೋ... ಬಾವಿ ಋಣ ತೀರಿತು ಬಿಡೋ."

"ಎಲ್ಲಿ ತೀರಿತು ಭಾವ? ನೀವು ಹಗ್ಗ ಬಿಟ್ಟಿರಲಿಲ್ಲ... ನಾನು ಬ್ರೇಕೇ ಬಿಟ್ಟು ನೋಡಿದೆ!"